ಕಾರಿನ ಒಳದೀಪ: ಉಳಿತಾಯ ಎಲ್ಲಿದೆ?

ಕಾರಿನ ಒಳದೀಪದ ಹಳೆಯ ಬಲ್ಬನ್ನು ತೆಗೆದು ಎಲ್‌ಇಡಿ ಹಾಕುವ ಕೆಲಸಕ್ಕೆ ಇಂದು ವರ್ಕ್‌ಶಾಪಿನ ಅಗತ್ಯವಿಲ್ಲ. ಮನೆಯಂಗಳದಲ್ಲಿಯೇ ಹತ್ತು ನಿಮಿಷಗಳಲ್ಲಿ ಅದು ಮುಗಿಯುತ್ತದೆ. ಇಂಥ ಬಲ್ಬುಗಳನ್ನು ಮಾರುವಾಗ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಇಂಧನ ಉಳಿತಾಯ’. ಈ ಮಾತನ್ನು ಲೆಕ್ಕಕ್ಕೆ ಒಡ್ಡಿ ನೋಡುವುದು ವರ್ತಕರಿಗೂ ಗ್ರಾಹಕರಿಗೂ ಹಿತ.

ಛಾವಣಿಯ ಹಳೆಯ ಬಲ್ಬು 10 ವ್ಯಾಟಿನದೆಂದೂ ದಿನಕ್ಕೆ ಹತ್ತು ನಿಮಿಷ ಉರಿಯುವುದೆಂದೂ ಭಾವಿಸೋಣ. ವರ್ಷಕ್ಕೆ ಆಗುವ ವಿದ್ಯುತ್ ವ್ಯಯ ಸುಮಾರು 0.6 ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದ್ದರೂ ಎಂಜಿನ್ ಮತ್ತು ಆಲ್ಟರ್ನೇಟರಿನಲ್ಲಿ ಆಗುವ ನಷ್ಟ ಕಳೆದು ವಿದ್ಯುತ್ತಾಗಿ ದೊರೆಯುವುದು ಅದರ ಆರೇಳನೆಯ ಒಂದು ಪಾಲು ಮಾತ್ರ. ಎಂದರೆ ಈ ದೀಪದ ವಾರ್ಷಿಕ ಖರ್ಚು ಅರ್ಧ ಲೀಟರ್ ಪೆಟ್ರೋಲಿನಷ್ಟು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ಉಳಿಯುವುದು ಐವತ್ತು ರೂಪಾಯಿಗಿಂತ ಕಡಮೆ. ಇದನ್ನು ಉಳಿತಾಯವೆಂದು ಕರೆದು ಮಾರುವುದು ವ್ಯಾಪಾರದ ಮರ್ಯಾದೆಗೆ ಒಪ್ಪುವುದಿಲ್ಲ.

ನಿಜವಾದ ಲಾಭ ಇರುವುದು ಬ್ಯಾಟರಿಯಲ್ಲಿ. ಸುಳ್ಯ ತಾಲೂಕಿನ ಮರ್ಕಂಜದಂಥ ಗ್ರಾಮವನ್ನೇ ನೋಡಬಹುದು. ದಕ್ಷಿಣ ಕನ್ನಡದ ಇತರ ಒಳನಾಡು ಗ್ರಾಮಗಳಲ್ಲಿರುವಂತೆ ಇಲ್ಲಿಯೂ ಮನೆಗಳು ಸಾಲುಕೇರಿಗಳಲ್ಲಿಲ್ಲ. ಅವರವರ ಅಡಿಕೆ ತೋಟದ ನಡುವೆ ಚದುರಿವೆ. ಸಂಜೆ ಗೊಬ್ಬರದ ಚೀಲ ಇಳಿಸಿದ ಮೇಲೆ ಡಿಕ್ಕಿಯೋ ಬಾಗಿಲೋ ಸರಿಯಾಗಿ ಮುಚ್ಚಿಕೊಳ್ಳದೆ ಒಳದೀಪ ಬೆಳಗಿನವರೆಗೆ ಉರಿಯಿತೆನ್ನಿ. 10 ವ್ಯಾಟಿನ ಬಲ್ಬು ಹತ್ತು ಗಂಟೆಗಳಲ್ಲಿ 8 ಆಂಪಿಯರ್-ಅವರ್‌ಗೂ ಮಿಕ್ಕಿ ಎಳೆಯುತ್ತದೆ. 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇದು ಸುಮಾರು ಕಾಲು ಭಾಗ. ಹೊಸ ಬ್ಯಾಟರಿ ತಾಳಿಕೊಂಡೀತು. ಮೂರು ನಾಲ್ಕು ಮಳೆಗಾಲ ಕಂಡ ಬ್ಯಾಟರಿ ಮುಂಜಾನೆ ಕೈಕೊಟ್ಟೀತು. 1 ವ್ಯಾಟಿನ ಎಲ್‌ಇಡಿಯಾದರೆ ಅಷ್ಟೇ ಅವಧಿಗೆ 1 ಆಂಪಿಯರ್-ಅವರ್ ಕೂಡ ಬೇಡ. ಹೊಸ ಮಾದರಿಯ ಹಲವು ಕಾರುಗಳಲ್ಲಿ ದೀಪ ಸ್ವಲ್ಪ ಹೊತ್ತಿನ ಬಳಿಕ ತಾನಾಗಿ ಆರುವ ವ್ಯವಸ್ಥೆ ಇದೆ, ಹಳೆಯವುಗಳಲ್ಲಿ ಇಲ್ಲ. ಹಳದಿ ಎಲೆ ರೋಗದಿಂದ ಅಡಿಕೆಯ ಆದಾಯ ಕುಸಿದ ಮನೆಗಳಲ್ಲಿ ಹಳೆಯ ಕಾರೇ ಇನ್ನೂ ಕೆಲವು ವರ್ಷ ಓಡಬೇಕಾಗಿದೆ. ಅಪರಾತ್ರಿಯಲ್ಲಿ ಮನೆಯ ಹಿರಿಯರನ್ನು ಸುಳ್ಯದ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಕಾರು ಸ್ಟಾರ್ಟ್ ಆಗದಿದ್ದರೆ, ಅದರ ಬೆಲೆಯನ್ನು ಪೆಟ್ರೋಲಿನ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ.

ಕೆಲಸ ಸುಲಭವಾದರೂ ಅಜಾಗರೂಕತೆ ಸಲ್ಲದು. ದೀಪವನ್ನು ಆರಿಸಿ, ಬಲ್ಬು ತಣಿದ ಮೇಲೆ, ಮುಚ್ಚಳವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹೋಲ್ಡರಿನ ಎರಡು ತುದಿಗಳಿಗೂ ತಾಗಿದರೆ ಫ್ಯೂಸು ಹೋಗುತ್ತದೆ. ಅದೇ ಫ್ಯೂಸಿನಲ್ಲಿ ಗಡಿಯಾರ, ರೇಡಿಯೊಗಳೂ ಇರಬಹುದು. ಎರಡು ತುದಿಯ ಕೊಳವೆಯಾಕಾರದ ಬಲ್ಬು 31, 36, 41 ಮಿಲಿಮೀಟರ್ ಮುಂತಾದ ಅಳತೆಗಳಲ್ಲಿ ದೊರೆಯುವುದರಿಂದ ಹಳೆಯದನ್ನು ಅಳೆದೇ ಹೊಸದನ್ನು ಕೊಳ್ಳಬೇಕು. ಹಾಕಿದ ಎಲ್‌ಇಡಿ ಬೆಳಗದಿದ್ದರೆ ಅದು ಕೆಟ್ಟಿದೆಯೆಂದು ಎಸೆಯುವ ಮುನ್ನ ತಿರುಗಿಸಿ ಹಾಕಿ ನೋಡುವುದು. ಇದರಲ್ಲಿ ಧನ-ಋಣ ತುದಿಗಳ ಭೇದವಿದೆ. ವೈರು ಕತ್ತರಿಸಬೇಕಾಗಿ ಬಂದರೆ ಆ ಕೆಲಸ ಮನೆಯದಲ್ಲ.

ಈ ಅಳತೆ, ಈ ತಿಳಿವಳಿಕೆಗಳನ್ನು ಕೊಡಬಲ್ಲವರು ಪುತ್ತೂರು, ಸುಳ್ಯಗಳ ಬಿಡಿಭಾಗದ ವರ್ತಕರೇ. ಆನ್‌ಲೈನ್ ಮಾರಾಟದೊಡನೆ ಬೆಲೆಯಲ್ಲಿ ಪೈಪೋಟಿ ಕಷ್ಟ. ಆದರೆ ಬಲ್ಬನ್ನು ಕಾರಿಗೆ ಹಾಕಿ ತೋರಿಸುವ, ಕೆಟ್ಟರೆ ಬದಲಿಸಿಕೊಡುವ ಸೌಲಭ್ಯ ಅಂಗಡಿಗೆ ಮಾತ್ರ ಇದೆ. ಹೀಗಿರುತ್ತ ಹೆಸರು, ವಿಳಾಸವಿಲ್ಲದ ಪೊಟ್ಟಣಗಳನ್ನು ಬಿಲ್ಲಿಲ್ಲದೆ ಮಾರುವುದು ಇರುವ ಅನುಕೂಲವನ್ನೇ ಕಳೆದುಕೊಂಡಂತೆ. 2011ರ ಪೊಟ್ಟಣ ಸರಕುಗಳ ನಿಯಮಗಳಂತೆ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಮತ್ತು ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಬಿಲ್ಲು ನೀಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ತೆರಿಗೆ ದರದ ಗೊಂದಲವೂ ಈಗ ನೆಪವಾಗದು; 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇಕಡಾ 18; ಎಲ್‌ಇಡಿ ದೀಪಕ್ಕೆ 2022ರ ಜುಲೈಯಿಂದಲೇ ಅದೇ ದರ.

ಒಳದೀಪ ಬದಲಿಸಿದ ಉತ್ಸಾಹದಲ್ಲಿ ಹೆಡ್‌ಲೈಟಿಗೂ ಕೈಹಾಕುವವರಿದ್ದಾರೆ. ಅದು ಬೇರೆಯೇ ವಿಷಯ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ತರುವ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಘಾಟಿಯ ತಿರುವಿನಲ್ಲಿ ಎದುರಿನವರ ಕಣ್ಣು ಕುಕ್ಕುವ ದೀಪವನ್ನು ಗ್ರಾಹಕರು ಕೇಳಿದರೂ ವರ್ತಕರು ಕೊಡಬಾರದು. ವಾರಂಟಿ ಅವಧಿಯಲ್ಲಿರುವ ಕಾರಿನವರಿಗೆ, ಒಳದೀಪದ ಮಟ್ಟಿಗೂ, ಕರಾರಿನ ಷರತ್ತುಗಳನ್ನು ಮೊದಲು ಓದುವಂತೆ ಹೇಳುವುದು ಒಳ್ಳೆಯದು.

ಇನ್ನು ವ್ಯವಹಾರದ ಹೆಸರಿನಲ್ಲಿರುವ ಕಾರುಗಳ ಮಾತು. ಈ ಬಲ್ಬಿನ ಖರ್ಚನ್ನು ಕಾರಿನ ಬೆಲೆಗೆ ಸೇರಿಸಿ ಸವಕಳಿ ತೆಗೆಯುವ ಅಗತ್ಯವಿಲ್ಲ. ಆಯಾ ವರ್ಷದ ವಾಹನ ದುರಸ್ತಿ ಖಾತೆಗೆ ಬರೆದರೆ ಸಾಕು. ಅದಕ್ಕೂ ಬಿಲ್ಲು ಬೇಕು.