‘ಸ್ಕ್ಯಾನರ್ ಹೇಳಿದೆ’ ಎಂಬ ಹುಸಿಮಾತು

ಕಳೆದ ತಿಂಗಳು ನಮ್ಮ ಬಂಧುಗಳೊಬ್ಬರ ಮನೆಯ ನಾಮಕರಣದ ಊಟಕ್ಕೆ ಕುಳಿತಿದ್ದಾಗ, ಪಕ್ಕದ ಎಲೆಯಲ್ಲಿದ್ದ ನನ್ನ ಸೋದರಳಿಯ ಒಂದು ಮಾತು ಹೇಳಿದ. “ಮಾವ, ಈಗಿನ ಕಾರುಗಳಿಗೆ ಮೆಕ್ಯಾನಿಕ್ಕಿನ ತಲೆಯೇ ಬೇಕಿಲ್ಲ. ಸ್ಕ್ಯಾನರ್ ಹಾಕಿದರೆ ಏನು ಕೆಟ್ಟಿದೆ ಅಂತ ಅದೇ ಹೇಳುತ್ತೆ. ಆ ಪಾರ್ಟು ಬದಲಾಯಿಸಿದರೆ ಮುಗೀತು.” ಬಾಯಲ್ಲಿ ಹೋಳಿಗೆಯಿದ್ದುದರಿಂದ ನಾನು ಆಗ ಸುಮ್ಮನಾದೆ. ಆದರೆ ಮಾತು ಅಂದಿನಿಂದ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತಿದೆ. ಅವನೂ ಈ ಪುಟವನ್ನು ಆಗಾಗ ಓದುವವನೇ. ಆದ್ದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಅವನ ಮಾತು ತಪ್ಪು. ಸಣ್ಣ ತಪ್ಪಲ್ಲ, ಜನರ ಜೇಬಿಗೂ ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ತರುವ ತಪ್ಪು. ಸ್ಕ್ಯಾನರ್ ಏನು ಕೆಟ್ಟಿದೆಯೆಂದು ಹೇಳುವುದಿಲ್ಲ. ತನಗೆ ಏನು ಕಂಡಿತೆಂದು ಮಾತ್ರ ಹೇಳುತ್ತದೆ. ಇವೆರಡರ ನಡುವಿನ ಅಂತರವನ್ನು ದಾಟಿಸುವುದು ಮನುಷ್ಯನ ತಲೆಯೇ. ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಇದನ್ನು ಕಲಿತದ್ದು ಮಾತ್ರ ಸಿದ್ದಾಪುರದ ಒಂದು ಗ್ಯಾರೇಜಿನ ಅಂಗಳದಲ್ಲಿ, ಅದೂ ಹದಿನೈದು ಸಾವಿರದ ಆರುನೂರು ರೂಪಾಯಿ ಕಳೆದುಕೊಂಡ ಮೇಲೆ.

ನನ್ನದು 2014ರ ಚಿಕ್ಕ ಪೆಟ್ರೋಲ್ ಕಾರು. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಅದಕ್ಕೊಂದು ಕಾಯಿಲೆ ಅಂಟಿಕೊಂಡಿತು. ಬೆಳಗಿನ ಮೊದಲ ಸಲ ಸೆಲ್ಫ್ ಹೊಡೆದರೆ ಎಂಜಿನ್ ಹೊತ್ತಿಕೊಳ್ಳುವುದು, ಗಡಗಡನೆ ನಡುಗುವುದು, ಮಿಸ್ ಹೊಡೆಯುವುದು, ನಿಂತುಹೋಗುವುದು. ಮೂರನೆಯ ಸಲಕ್ಕೆ ನಿಲ್ಲುವುದು. ಐದು ನಿಮಿಷ ಕಳೆದರೆ ಬೆಣ್ಣೆಯಂತೆ ಓಡುವುದು, ಆಮೇಲೆ ದಿನವಿಡೀ ಯಾವ ತಕರಾರೂ ಇಲ್ಲ. ವಾರಕ್ಕೆ ಎರಡು ದಿನ ನಸುಕಿನ ಐದೂವರೆಗೆ ನನ್ನ ಮನೆಯವರನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಒಂದು ದಿನ ಅಶೋಕ ಸ್ತಂಭದ ವೃತ್ತದ ನಟ್ಟನಡುವೆ ಎಂಜಿನ್ ಆರಿಹೋಯಿತು. ಹಿಂದಿನಿಂದ ಬಂದ ಹಾಲಿನ ವ್ಯಾನಿನವನು ಬ್ರೇಕು ಒತ್ತಿದ್ದರಿಂದ ಈ ಬರಹ ಬರೆಯಲು ಉಳಿದಿದ್ದೇನೆ.

“ಬೆಂಗಳೂರಿನಲ್ಲಿ ಎಂಥ ಕೋಲ್ಡ್ ಸ್ಟಾರ್ಟ್ ಸಾರ್, ಇದೇನು ಕಾಶ್ಮೀರವೇ?” ಎಂದು ನಕ್ಕವರಿದ್ದಾರೆ. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಿಜ. ಆದರೆ ಎಂಜಿನ್ನಿಗೆ ಹಿಮ ಬೀಳಬೇಕಾಗಿಲ್ಲ. ತೊಂಬತ್ತು ಡಿಗ್ರಿಯಲ್ಲಿ ಕೆಲಸ ಮಾಡಲೆಂದು ಕಟ್ಟಿದ ಯಂತ್ರಕ್ಕೆ ಹದಿನೇಳು ಡಿಗ್ರಿಯೂ ಚಳಿಯೇ. ತಣ್ಣನೆಯ ಲೋಹದ ಗೋಡೆಗೆ ಬಿದ್ದ ಪೆಟ್ರೋಲಿನ ಒಂದು ಪಾಲು ಆವಿಯಾಗದೆ ಅಲ್ಲಿಯೇ ಹನಿಯಾಗಿ ಅಂಟಿಕೊಳ್ಳುತ್ತದೆ. ಆವಿಯಾದಷ್ಟು ಮಾತ್ರ ಉರಿಯುತ್ತದೆ. ಆದ್ದರಿಂದ ತಣ್ಣಗಿರುವಾಗ ಪೆಟ್ರೋಲು ಹೆಚ್ಚು ಬೇಕು. ಹಿಂದೆ ನಾವು ಸ್ಕೂಟರಿನ ಚೋಕ್ ಎಳೆಯುತ್ತಿದ್ದುದು ಇದಕ್ಕಾಗಿಯೇ. ಈಗ ಚೋಕ್ ಎಳೆಯುವ ಕೈ ಕಂಪ್ಯೂಟರಿನದು. ಎಷ್ಟು ಎಳೆಯಬೇಕೆಂದು ಅದು ತಿಳಿಯುವುದು ಮುಖ್ಯವಾಗಿ ಕೂಲೆಂಟಿನಲ್ಲಿ ಮುಳುಗಿರುವ ಒಂದು ಪುಟ್ಟ ಉಷ್ಣತೆಯ ಸೆನ್ಸರಿನಿಂದ. ಈ ಒಂದು ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲ ಗ್ಯಾರೇಜು ದೊಡ್ಡದು, ಗಾಜಿನ ಬಾಗಿಲಿನದು. ನಾನು ಕಾರನ್ನು ಹನ್ನೊಂದು ಗಂಟೆಗೆ, ಅಂದರೆ ಚೆನ್ನಾಗಿ ಕಾದ ಎಂಜಿನ್ನಿನೊಂದಿಗೆ ಒಯ್ದೆ. ಸ್ಕ್ಯಾನರ್ ಹಾಕಿದರು. ಪಿ0300 ಎಂದು ಬಂತು. “ಮಿಸ್‌ಫೈರ್ ಕೋಡ್ ಸಾರ್, ಸ್ಕ್ಯಾನರ್ ಹೇಳಿದೆ, ಪ್ಲಗ್ಗು ಕಾಯಿಲ್ಲು ಹೋಗಿವೆ” ಎಂದರು. 9,400 ರೂಪಾಯಿ. ಕೋಡನ್ನು ಅಳಿಸಿ, ದೀಪ ಆರಿಸಿ ಕಳಿಸಿದರು. ಐದನೆಯ ದಿನ ದೀಪ ಮತ್ತೆ ಹೊತ್ತಿತು. ಎರಡನೆಯ ಗ್ಯಾರೇಜಿನಲ್ಲಿ ಅದೇ ಕೋಡು, ಅದೇ ಮಂತ್ರ. ಈ ಬಾರಿ ಇಂಜೆಕ್ಟರ್ ಮತ್ತು ಥ್ರಾಟಲ್ ಬಾಡಿ ತೊಳೆದರು, 6,200 ರೂಪಾಯಿ. ಮತ್ತೆ ಅಳಿಸಿದರು. ಮೂರನೆಯ ಸಲ ಅಲ್ಲಿಗೇ ಹೋದಾಗ, ಎಂಜಿನ್ನಿನ ಕಂಪ್ಯೂಟರೇ ಹೋಗಿದೆ, 34,000 ಆಗುತ್ತದೆ ಎಂದರು. ಪಿಂಚಣಿದಾರನ ಮುಖ ನೋಡಿ ಹೇಳುವ ಮೊತ್ತವೇ ಅದು!

ಪಿ0300 ಎಂದರೇನು? ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಉರಿ ತಪ್ಪುತ್ತಿದೆ ಎಂದಷ್ಟೇ ಅರ್ಥ. ಕಂಪ್ಯೂಟರಿಗೆ ಇದು ತಿಳಿಯುವುದು ಹೇಗೆ? ಪ್ರತಿ ಸಿಲಿಂಡರು ಉರಿದಾಗ ಕ್ರ್ಯಾಂಕ್ ದಂಡದ ವೇಗ ತುಸು ಏರಬೇಕು. ಏರದಿದ್ದರೆ ಉರಿದಿಲ್ಲವೆಂದು ಅದು ಲೆಕ್ಕ ಹಾಕುತ್ತದೆ. ಅಷ್ಟೇ ಅದರ ಜ್ಞಾನ. ಕಿಡಿ ಬರಲಿಲ್ಲವೋ, ಪೆಟ್ರೋಲು ಸಾಲಲಿಲ್ಲವೋ, ಗಾಳಿ ಹೆಚ್ಚಾಯಿತೋ, ಕಂಪ್ರೆಷನ್ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹುಡುಗನೊಬ್ಬ ಗಣಿತದಲ್ಲಿ 18 ಅಂಕ ತೆಗೆದನೆಂದು ಅಂಕಪಟ್ಟಿ ಹೇಳುತ್ತದೆ. ಅವನಿಗೆ ಕಣ್ಣು ಕಾಣಿಸದೆ ಹಲಗೆ ಓದಲಾಗುತ್ತಿಲ್ಲವೋ, ಮನೆಯಲ್ಲಿ ಅಪ್ಪ ಕುಡಿದು ಬಡಿಯುತ್ತಾನೋ, ನಾನೇ ಸರಿಯಾಗಿ ಕಲಿಸಲಿಲ್ಲವೋ ಅಂಕಪಟ್ಟಿ ಹೇಳೀತೆ? ಅಂಕಪಟ್ಟಿ ನೋಡಿ ಬೆತ್ತ ಎತ್ತಿದ ಮೇಷ್ಟರುಗಳನ್ನು ಕಂಡಿದ್ದೇನೆ. ನಾನೂ ಕೆಲವು ಸಲ ಎತ್ತಿದ್ದೇನೆ, ಅದನ್ನು ನೆನೆದು ನಾಚುತ್ತೇನೆ ಕೂಡ.

ಸಿದ್ದಾಪುರದ ಗಿಡಗಳ ನರ್ಸರಿಗಳ ಸಾಲು ನಮ್ಮ ಓದುಗರಲ್ಲಿ ಬಹಳ ಮಂದಿಗೆ ಗೊತ್ತು. ಆ ಭಾಗದ ಒಂದು ಗಲ್ಲಿಯಲ್ಲಿ ತಗಡಿನ ಮಾಡಿನ ಗ್ಯಾರೇಜೊಂದಿದೆ. ಪರಿಚಿತರೊಬ್ಬರ ಮಾತಿಗೆ ಅಲ್ಲಿಗೆ ಹೋದೆ. ಆತ ಬಾನೆಟ್ ಎತ್ತುವ ಮೊದಲು ಕೇಳಿದ್ದು, “ಯಾವಾಗ ಆಗುತ್ತೆ ಸಾರ್? ಬೆಳಗ್ಗೆ ಮಾತ್ರವೋ, ಮಧ್ಯಾಹ್ನ ನಿಲ್ಲಿಸಿ ತೆಗೆದರೂ ಆಗುತ್ತೋ?” ಎಂದು. ಹಿಂದಿನ ಎರಡೂ ಕಡೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಸ್ಕ್ಯಾನರ್ ಹಾಕಿದ. ಆದರೆ ಕೋಡು ನೋಡಿ ನಿಲ್ಲಲಿಲ್ಲ. ಕೋಡು ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತೆಂಬುದರ ಒಂದು ಚಿತ್ರವನ್ನು ಕಂಪ್ಯೂಟರು ತೆಗೆದಿಟ್ಟಿರುತ್ತದೆ. ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅದನ್ನು ತೆರೆದ. ಎಂಜಿನ್ ಚಾಲೂ ಆಗಿ 11 ಸೆಕೆಂಡು, ಕೂಲೆಂಟ್ 56 ಡಿಗ್ರಿ ಎಂದಿತ್ತು. ಆತ ಅದನ್ನು ಚೀಟಿಯಲ್ಲಿ ಬರೆದುಕೊಂಡು, “ಕಾರನ್ನು ರಾತ್ರಿ ಇಲ್ಲೇ ಬಿಡಿ, ಬೆಳಗ್ಗೆ ಆರೂವರೆಗೆ ಬನ್ನಿ. ಅಲ್ಲೀತನಕ ನಾನೂ ಚಾಲೂ ಮಾಡಲ್ಲ” ಎಂದ.

ಮರುದಿನ ಬೆಳಗ್ಗೆ ಆತ ಕೀಲಿಯನ್ನು ‘ಆನ್’ ಸ್ಥಾನಕ್ಕೆ ಮಾತ್ರ ತಿರುಗಿಸಿದ, ಸೆಲ್ಫ್ ಹೊಡೆಯಲಿಲ್ಲ. ಪರದೆಯ ಮೇಲೆ ಎರಡು ಸಾಲು ತೋರಿಸಿದ. ಒಳಸೇರುವ ಗಾಳಿಯ ಉಷ್ಣತೆ 17. ಕೂಲೆಂಟಿನ ಉಷ್ಣತೆ 58.

“ರಾತ್ರಿಯೆಲ್ಲ ನಿಂತ ಎಂಜಿನ್ನಿಗೆ ಐವತ್ತೆಂಟು ಡಿಗ್ರಿ ಎಲ್ಲಿಂದ ಬಂತು ಸಾರ್?”

ನಾನು ಬೆಪ್ಪಾಗಿ ನಿಂತೆ. ಹತ್ತು ಗಂಟೆ ಒಂದೇ ಜಾಗದಲ್ಲಿದ್ದ ವಸ್ತುಗಳೆಲ್ಲ ಒಂದೇ ಉಷ್ಣತೆಗೆ ಬರುತ್ತವೆಂದು ಎಂಟನೆಯ ತರಗತಿಯಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೆನೋ! ಎಂಜಿನ್ ಮುಟ್ಟಿ ನೋಡಿದೆ, ಕಲ್ಲಿನಂತೆ ತಣ್ಣಗಿತ್ತು. ಸೆನ್ಸರು ಸುಳ್ಳು ಹೇಳುತ್ತಿತ್ತು; ಎಂಜಿನ್ ಅರ್ಧ ಕಾದಿದೆಯೆಂದು ನಂಬಿದ ಕಂಪ್ಯೂಟರು ಚೋಕನ್ನು ಸಾಕಷ್ಟು ಎಳೆಯುತ್ತಿರಲಿಲ್ಲ.

ಆದರೂ ಆತ ಆತುರಪಡಲಿಲ್ಲ. ಸೆನ್ಸರಿನ ಪ್ಲಗ್ಗು ಕಿತ್ತ. ಪರದೆ ಮೈನಸ್ 40 ತೋರಿಸಿತು. ವೈರಿನ ಎರಡು ತುದಿಗಳನ್ನು ಜೋಡಿಸಿದ. ಅಂಕಿ ನೂರಮೂವತ್ತರ ಆಚೆಗೆ ಜಿಗಿಯಿತು. ಅಂದರೆ ವೈರೂ ಕಂಪ್ಯೂಟರೂ ಸರಿಯಿವೆ. ನನ್ನ 34,000 ರೂಪಾಯಿ ಉಳಿದದ್ದು ಈ ಎರಡು ನಿಮಿಷದಲ್ಲಿ. ಬಳಿಕ ಸೆನ್ಸರಿನ ರೋಧವನ್ನು ಮೀಟರಿನಿಂದ ಅಳೆದ. ಈ ಬಗೆಯ ಸೆನ್ಸರು ತಣ್ಣಗಾದಷ್ಟೂ ಹೆಚ್ಚು ರೋಧ ತೋರಬೇಕು, ಇಪ್ಪತ್ತು ಡಿಗ್ರಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್. ಇದು ತೋರಿಸಿದ್ದು 640. ಪಿನ್ನುಗಳ ಬುಡದಲ್ಲಿ ಕೂಲೆಂಟ್ ಒಸರಿ ಒಣಗಿದ ಹಸಿರು ಕಲೆಯಿತ್ತು. ಆ ತೇವದ ಮೂಲಕ ವಿದ್ಯುತ್ತು ಕಳ್ಳದಾರಿ ಹಿಡಿದಿತ್ತು. ಬಿಸಿಯಾದ ಮೇಲೆ ಸೆನ್ಸರಿನ ರೋಧವೇ ಇಳಿಯುವುದರಿಂದ ಸುಳ್ಳು ಸತ್ಯಕ್ಕೆ ಹತ್ತಿರವಾಗುತ್ತಿತ್ತು. ರೇಡಿಯೇಟರಿನ ಫ್ಯಾನು ತುಸು ಬೇಗ ತಿರುಗುತ್ತಿದ್ದುದನ್ನು ಬಿಟ್ಟರೆ ಬೇರೆ ಕುರುಹಿರಲಿಲ್ಲ. ಅದನ್ನು ನಾನು ಗಮನಿಸಿರಲಿಲ್ಲ. ಹೊಸ ಸೆನ್ಸರಿಗೆ 650, ಕೂಲಿ 300.

ಹಾಗಾದರೆ ಸೆನ್ಸರಿನ ಕೋಡು ಏಕೆ ಬರಲಿಲ್ಲ? ನನ್ನ ಕಾರಿನಲ್ಲಿ ಸೆನ್ಸರು ಅಸಾಧ್ಯವಾದ ಅಂಕಿ ಕೊಟ್ಟರೆ ಮಾತ್ರ ಕಂಪ್ಯೂಟರು ಅನುಮಾನಪಡುತ್ತದೆ. 58 ಸಾಧ್ಯವಾದ ಅಂಕಿಯೇ. ಸಾಧ್ಯವಾದ ಸುಳ್ಳನ್ನು ಹಿಡಿಯಲು ಪಕ್ಕದ ಸಾಕ್ಷಿಯನ್ನು ವಿಚಾರಿಸಬೇಕು, ಹಿಂದಿನ ರಾತ್ರಿ ಏನಾಯಿತೆಂದು ತಿಳಿದಿರಬೇಕು. ಸೋದರಳಿಯನೇ, ಬೇಡವೆಂದು ನೀನು ಹೇಳಿದ ತಲೆ ಇದೇ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಆ ಫ್ರೀಜ್ ಫ್ರೇಮ್ ಮೊದಲ ದಿನವೂ ಇತ್ತು. ಮೊದಲ ಗ್ಯಾರೇಜಿನವರು ಅದನ್ನು ನೋಡದೆಯೇ ಅಳಿಸಿದರು; ಎರಡನೆಯವರೂ ಅಳಿಸಿದರು. ಕೋಡು ಅಳಿಸಿದರೆ ಕೋಡಿನ ಜೊತೆಗೆ ಆ ಚಿತ್ರವೂ ಹೋಗುತ್ತದೆ. ಎಂಜಿನ್ ದಿನಗಟ್ಟಲೆ ಕಲಿತಿಟ್ಟುಕೊಂಡ ಪೆಟ್ರೋಲಿನ ತಿದ್ದುಪಡಿಯ ಲೆಕ್ಕವೂ ಎಷ್ಟೋ ಕಾರುಗಳಲ್ಲಿ ಹೋಗುತ್ತದೆ. ದೀಪ ಆರಿದ್ದನ್ನು ಕಂಡು ಗಿರಾಕಿ ಸಂತೋಷಪಡುತ್ತಾನೆ. ಇದು ರಿಪೇರಿಯಲ್ಲ, ಸಾಕ್ಷ್ಯನಾಶ. ವಿದ್ಯಾರ್ಥಿ ಲೆಕ್ಕ ತಪ್ಪು ಮಾಡಿದಾಗ, ಎಲ್ಲಿ ತಪ್ಪಿದನೆಂದು ನೋಡದೆ ಸ್ಲೇಟನ್ನು ಒರೆಸಿಬಿಡುವ ಉಪಾಧ್ಯಾಯನಿಗೆ ಸಂಬಳ ಏಕೆ ಕೊಡಬೇಕು?

ಇನ್ನೊಂದು ಕಣ್ಕಟ್ಟನ್ನೂ ಕಂಡೆ. ಎರಡನೆಯ ಗ್ಯಾರೇಜಿನಲ್ಲಿ ನನ್ನೆದುರೇ ಎಂಜಿನ್ ಚಾಲೂ ಮಾಡಿ, ಪೆಟ್ರೋಲಿನ ತಿದ್ದುಪಡಿ ‘ಸೊನ್ನೆ’ಯಿದೆ, ಆದ್ದರಿಂದ ಮಿಶ್ರಣ ಸರಿಯಿದೆ ಎಂದು ತೋರಿಸಿದರು. ಚಾಲೂ ಆದ ಮೊದಲ ಕ್ಷಣಗಳಲ್ಲಿ ಹೊಗೆನಳಿಕೆಯ ಆಕ್ಸಿಜನ್ ಸೆನ್ಸರು ಕಾದಿರುವುದಿಲ್ಲ; ಕಂಪ್ಯೂಟರು ಅದರ ಮಾತನ್ನು ಕೇಳುತ್ತಿರುವುದೇ ಇಲ್ಲ. ಆಗಿನ ಸೊನ್ನೆಗೆ ‘ತಪ್ಪಿಲ್ಲ’ವೆಂದು ಅರ್ಥವಲ್ಲ, ‘ಪರೀಕ್ಷೆ ಇನ್ನೂ ನಡೆದಿಲ್ಲ’ವೆಂದು ಅರ್ಥ.

ನನ್ನ ವಾರಗೆಯ ಗೆಳೆಯರು ಇದನ್ನೋದಿ, “ಅದಕ್ಕೇ ಹಳೆಯ ಕಾಲದ ಮೇಸ್ತ್ರಿಗಳೇ ಚೆನ್ನ, ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ ರೋಗ ಹೇಳುತ್ತಿದ್ದರು” ಎಂದು ತಲೆದೂಗಬಹುದು. ದಯವಿಟ್ಟು ಬೇಡ. ಸಿದ್ದಾಪುರಕ್ಕೆ ಅನತಿದೂರದ ಆಡುಗೋಡಿಯಲ್ಲಿ ಮೈಕೊ ಕಾರ್ಖಾನೆಯಿತ್ತು. 1951ರಲ್ಲಿ ಹುಟ್ಟಿದ ಆ ಕಂಪನಿಯ ಪ್ಲಗ್ಗು ಹಾಕದ ಗಾಡಿ ನಮ್ಮ ಕಾಲದಲ್ಲಿ ಅಪರೂಪ. (2008ರಲ್ಲಿ ಅದು ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ನಮ್ಮ ಬಾಯಲ್ಲಿ ಇಂದಿಗೂ ಮೈಕೊ.) ಅಂದಿನ ಮೇಸ್ತ್ರಿಗಳಲ್ಲೂ ಗಾಡಿ ನಿಂತರೆ ಮೊದಲು ಪ್ಲಗ್ಗು, ಆಮೇಲೆ ಕಾಯಿಲ್, ಆಮೇಲೆ ಕಾರ್ಬುರೇಟರು ಎಂದು ಒಂದೊಂದಾಗಿ ಬದಲಾಯಿಸುತ್ತ ಹೋದವರೇ ಹೆಚ್ಚು. ಊಹೆ ಅಂದೂ ಇತ್ತು. ಇಂದು ಊಹೆಗೆ ಪರದೆಯ ಮುದ್ರೆ ಬಿದ್ದಿದೆ, ಅದೇ ವ್ಯತ್ಯಾಸ. ಕಿವಿಗೆ ಹಚ್ಚಿದ ಸ್ಕ್ರೂಡ್ರೈವರು 17 ಮತ್ತು 58ರ ವ್ಯತ್ಯಾಸವನ್ನು ಎಂದೂ ಹೇಳುತ್ತಿರಲಿಲ್ಲ. ನಾನು ಸ್ಕ್ಯಾನರಿನ ವಿರೋಧಿಯಲ್ಲ. ಅದನ್ನು ಓದದೆಯೇ ಅದರ ಹೆಸರು ಹೇಳುವವರ ವಿರೋಧಿ.

ಅದಕ್ಕೂ ಮಿತಿಯಿದೆ. ನನ್ನಂಥ ಸಾಧಾರಣ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಅಳೆಯುವ ಸೆನ್ಸರೇ ಇರುವುದಿಲ್ಲ. ಆ ಬೆಳಗ್ಗೆ ಎರಡೂ ಅಂಕಿ 17 ಬಂದಿದ್ದರೆ, ರಾತ್ರಿಯಲ್ಲಿ ಒತ್ತಡ ಇಳಿದುಹೋಗುತ್ತಿದೆಯೇ ಎಂದು ಗೇಜು ಕಟ್ಟಿ ನೋಡುತ್ತಿದ್ದೆ ಎಂದ ಆತ.

ಹಾಗಾದರೆ ಎಲ್ಲ ತಪ್ಪೂ ಮೆಕ್ಯಾನಿಕ್ಕುಗಳದೇ? ಅಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ರೋಗಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆಂಬುದು ಅಲ್ಲಿನ ಮುಖ್ಯ ಆಕ್ಷೇಪವಾಗಿತ್ತು. ಬಳಿಕ ಮೇಲ್ಮನವಿಗಳಾದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ರಚಿಸಿ, ವರ್ಷಾಂತ್ಯಕ್ಕೆ ಜಾಲತಾಣವನ್ನೂ ತೆರೆಯಿತು. ಅದರ ಪಟ್ಟಿಯಲ್ಲಿ ವಾಹನಗಳೂ ಇವೆ. ಓದಲು ಪುಸ್ತಕವನ್ನೇ ಕೊಡದೆ ಹುಡುಗ ದಡ್ಡನೆಂದು ಜರೆಯುವುದು ನ್ಯಾಯವಲ್ಲ. ಆದರೆ ನಮ್ಮ ಎರಡೂ ದೊಡ್ಡ ಗ್ಯಾರೇಜುಗಳಲ್ಲಿ ಪುಸ್ತಕವಿತ್ತು. ಪುಟ ತಿರುಗಿಸುವ ವ್ಯವಧಾನ ಇರಲಿಲ್ಲ. ತಗಡಿನ ಮಾಡಿನ ಕೆಳಗಿದ್ದವನ ಸ್ಕ್ಯಾನರು ಅವರದಕ್ಕಿಂತ ಅಗ್ಗದ್ದು.

ನಾವು ಗಿರಾಕಿಗಳೂ ಸಾಚಾಗಳಲ್ಲ. “ಸಂಜೆಯೊಳಗೆ ಕೊಡಿ” ಎನ್ನುತ್ತೇವೆ. ಪಾರ್ಟಿಗೆ ಒಂಬತ್ತು ಸಾವಿರ ಮರುಮಾತಿಲ್ಲದೆ ಕೊಡುತ್ತೇವೆ, ಅರ್ಧ ಗಂಟೆ ಯೋಚಿಸಿದ್ದಕ್ಕೆ ಐನೂರು ಕೇಳಿದರೆ, “ಏನೂ ಬದಲಾಯಿಸಲೇ ಇಲ್ಲವಲ್ಲ!” ಎಂದು ಜಗಳಕ್ಕೆ ನಿಲ್ಲುತ್ತೇವೆ. ಕಾರನ್ನು ರಾತ್ರಿ ಬಿಡಿ ಎಂದಿದ್ದಕ್ಕೇ ಎಷ್ಟೋ ಗಿರಾಕಿಗಳು ತಿರುಗಿ ಹೋಗಿದ್ದಾರೆಂದು ಸಿದ್ದಾಪುರದವನು ಹೇಳಿದ. ಯೋಚನೆಗೆ ಕೂಲಿ ಕೊಡದ ಊರಿನಲ್ಲಿ ಯಾರು ಯೋಚಿಸುತ್ತಾರೆ?

2010ರ ಏಪ್ರಿಲಿನಿಂದ ಬೆಂಗಳೂರಿನಲ್ಲಿ ಮಾರಾಟವಾದ ಬಿಎಸ್-4 ಕಾರುಗಳಲ್ಲಿ ತನ್ನ ದೋಷವನ್ನು ತಾನೇ ದಾಖಲಿಸುವ ವ್ಯವಸ್ಥೆ ಬಂತು, 2013ರಿಂದ ಅದು ಇನ್ನೂ ವಿಸ್ತಾರವಾಯಿತು. ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಕಿಂಡಿಯಿರುತ್ತದೆ. ಸಾವಿರ ರೂಪಾಯಿಯೊಳಗಿನ ಪುಟ್ಟ ಸಾಧನವನ್ನು ಅಲ್ಲಿ ಸಿಕ್ಕಿಸಿದರೆ ಅಂಕಿಗಳು ಮೊಬೈಲಿನಲ್ಲೇ ಕಾಣುತ್ತವೆ. ನಾನು ಈಗ ಒಂದನ್ನು ಇಟ್ಟುಕೊಂಡಿದ್ದೇನೆ. ಕೋಡನ್ನೂ ಫ್ರೀಜ್ ಫ್ರೇಮನ್ನೂ ಬರೆದುಕೊಡದೆ ಅಳಿಸಕೂಡದೆಂದು ಗ್ಯಾರೇಜಿನ ಜಾಬ್ ಕಾರ್ಡಿನ ಮೇಲೆ ನನ್ನ ಕೈಯಾರೆ ಬರೆದು ರುಜು ಹಾಕುತ್ತೇನೆ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಸೋದರಳಿಯನೇ, ನಿನ್ನ ಕಾರೂ ಬೆಳಗ್ಗೆ ನಡುಗುತ್ತದೆಂದು ಅಂದೇ ನಿನ್ನ ಹೆಂಡತಿ ನಿನ್ನ ಅತ್ತೆಯೊಂದಿಗೆ ಹೇಳುತ್ತಿದ್ದಳಂತೆ. ಶನಿವಾರ ರಾತ್ರಿ ತಂದು ನಮ್ಮ ಗೇಟಿನ ಒಳಗೆ ನಿಲ್ಲಿಸು. ದೀಪ ಹೊತ್ತಿದ್ದರೆ ಯಾರ ಕೈಯಲ್ಲೂ ಅಳಿಸಬೇಡ. ಭಾನುವಾರ ಬೆಳಗ್ಗೆ ಆರೂವರೆಗೆ, ಕಾಫಿಗೂ ಮೊದಲು, ಕೀಲಿ ತಿರುಗಿಸೋಣ. ಸೆಲ್ಫ್ ಹೊಡೆಯುವುದು ಬೇಡ.