ಫ್ಲೈಓವರ್ ಮುಚ್ಚಿದ್ದಕ್ಕೆ ಬೈಯಬೇಡಿ, ಮುಚ್ಚದಿದ್ದಕ್ಕೆ ಬೈಯಿರಿ

2018ರ ಡಿಸೆಂಬರ್‌ನ ಕೊನೆಯ ವಾರಾಂತ್ಯ ನೆನಪಿದೆಯಾ? ಎಂ.ಜಿ. ರಸ್ತೆ ಮತ್ತು ಇಂದಿರಾನಗರದ ನಡುವೆ ಮೆಟ್ರೊ ನಿಲ್ಲಿಸಿದ್ದರು. ಟ್ರಿನಿಟಿ ನಿಲ್ದಾಣದ ಹತ್ತಿರ, ಬೇರಿಂಗ್ ಪಕ್ಕದ ಕಾಂಕ್ರೀಟು ಜೇನುಗೂಡಿನ ಹಾಗೆ ಟೊಳ್ಳಾಗಿತ್ತು. 2011ರಲ್ಲಿ ಉದ್ಘಾಟನೆಯಾದ ಮಾರ್ಗ. ಅಂದರೆ ಅದರ ವಯಸ್ಸು ಬರೀ ಏಳು! ಆಗ ನಮ್ಮಲ್ಲಿ ಎಷ್ಟೋ ಜನ ಗೊಣಗಿದ್ದು ಟೊಳ್ಳು ಕಾಂಕ್ರೀಟಿಗಲ್ಲ, ವೀಕೆಂಡ್ ಪ್ಲಾನ್ ಕೆಟ್ಟಿದ್ದಕ್ಕೆ.

ಬೇರಿಂಗ್ ಅಂದರೆ ಬೈಕಿನ ಚಕ್ರದೊಳಗಿನ ಗುಂಡುಗಳಲ್ಲ. ಕಂಬಕ್ಕೂ ಅದರ ಮೇಲಿನ ಗರ್ಡರಿಗೂ ನಡುವೆ ಕೂರುವ ದಿಂಬು ಅದು. ರಬ್ಬರ್ ಪದರಗಳ ನಡುವೆ ಉಕ್ಕಿನ ತಗಡು ಸೇರಿಸಿ ಮಾಡಿದ್ದು ಒಂದು ಬಗೆ. ಭಾರ ಇನ್ನೂ ಹೆಚ್ಚಿದ್ದಲ್ಲಿ ಉಕ್ಕಿನ ಬಟ್ಟಲಿನೊಳಗೆ ರಬ್ಬರ್ ಬಿಲ್ಲೆ ಕೂರಿಸಿದ ಪಾಟ್ ಬೇರಿಂಗ್ ಹಾಕ್ತಾರೆ. ಇದೆಲ್ಲ ಯಾಕೆ ಬೇಕು? ಸೇತುವೆ ಸುಮ್ಮನೆ ನಿಂತಿರುವುದಿಲ್ಲ. 30 ಮೀಟರ್ ಉದ್ದದ ಕಾಂಕ್ರೀಟ್ ಗರ್ಡರ್ 20 ಡಿಗ್ರಿ ಬಿಸಿಯಾದರೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ. ಲಾರಿ ಹತ್ತಿದಾಗ ಬಾಗುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಈ ಚಲನೆಗೆ ಬೇರಿಂಗ್ ಜಾಗ ಕೊಡದಿದ್ದರೆ ಒತ್ತಡವೆಲ್ಲ ಕಂಬಕ್ಕೆ, ಗರ್ಡರಿಗೆ. ಆಮೇಲೆ ಬಿರುಕು.

ಅದನ್ನು ಕೂರಿಸುವುದೂ ಮಿಲಿಮೀಟರ್ ಲೆಕ್ಕದ ಕೆಲಸ. ಕೆಳಗಿನ ಪೀಠ ಓರೆಯಾದರೆ ಭಾರವೆಲ್ಲ ಒಂದೇ ಅಂಚಿಗೆ. ಗ್ರೌಟ್‌ನಲ್ಲಿ ಗಾಳಿ ಉಳಿದರೆ ಅಲ್ಲೊಂದು ಪೊಳ್ಳು. ಜಾರುವ ಬೇರಿಂಗನ್ನು ಅವತ್ತಿನ ಬಿಸಿಲು ನೋಡಿ ಹೊಂದಿಸಬೇಕು. ಸಾಗಣೆಗೆಂದು ಬಿಗಿದ ಬೋಲ್ಟು ಬಿಚ್ಚಲು ಮರೆತರೆ ಜಾರಬೇಕಾದ್ದು ಜಾರುವುದೇ ಇಲ್ಲ. ಮೇಲೆ ಗರ್ಡರ್ ಬಂದು ಕೂತ ಮೇಲೆ ರಸ್ತೆಯಲ್ಲಿ ಹೋಗುವ ಯಾರ ಕಣ್ಣಿಗೂ ಇದು ಬೀಳುವುದಿಲ್ಲ. ಬ್ಯಾನರಿನ ಮೇಲೆ ಎಷ್ಟು ಕಿಲೋಮೀಟರ್, ಎಷ್ಟು ಕೋಟಿ ಅಂತ ಬರುತ್ತೆ. ಬೇರಿಂಗ್ ಮಟ್ಟವಾಗಿ ಕೂತಿದೆಯಾ ಅಂತ ಯಾವ ಬ್ಯಾನರಿನಲ್ಲಾದರೂ ನೋಡಿದ್ದೀರಾ?

"ಕಂಟ್ರಾಕ್ಟರ್ ತಿಂದ, ಅಧಿಕಾರಿ ತಿಂದ, ನಾವೇನ್ ಮಾಡೋಕಾಗುತ್ತೆ ಗುರು?" ಇದು ನಮ್ಮ ಸಿದ್ಧ ಉತ್ತರ. ತಿಂದಿರಬಹುದು. ಆದರೆ ತಿನ್ನುವವರಿಗೆ ಇಷ್ಟವಾಗುವ ಜಾಗವೇ ಯಾರೂ ಬಗ್ಗಿ ನೋಡದ ಜಾಗ. ನೋಡದೇ ಇರುವವರಲ್ಲಿ ನಾವೂ ಇದ್ದೀವಲ್ಲ!

ಸೇತುವೆಯನ್ನು ನೂರು ವರ್ಷಕ್ಕೆಂದು ಕಟ್ಟುತ್ತಾರೆ, ರಬ್ಬರ್ ಅಷ್ಟು ಕಾಲ ಬಾಳುವುದಿಲ್ಲ. ಹಾಗಾಗಿ ನಡುವೆ ಬೇರಿಂಗ್ ಬದಲಿಸಲೇಬೇಕು. ಜಾಕ್ ಕೊಟ್ಟು ಇಡೀ ಗರ್ಡರನ್ನು ಒಂದೇ ಸಮನಾಗಿ ಕೆಲವೇ ಮಿಲಿಮೀಟರ್ ಎತ್ತಿ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ಜಾಕ್ ಇಡಲು ಜಾಗ, ಮನುಷ್ಯ ನಿಂತು ನೋಡಲು ಜಾಗ ಕಟ್ಟುವಾಗಲೇ ಇರಬೇಕು. ಆ ಹೊತ್ತಿಗೆ ಸಂಚಾರ ನಿಲ್ಲಿಸಬೇಕು, ಇಲ್ಲವೇ ತಗ್ಗಿಸಬೇಕು. ಅಡ್ಡ ಬರುವುದು ನಾವು ಅಲ್ಲೇ. ಆಫೀಸಿನ ಸರ್ವರ್ ಶನಿವಾರ ರಾತ್ರಿ ಮೆಂಟೆನೆನ್ಸಿಗೆ ಡೌನ್ ಅಂದರೆ ತಲೆಯಾಡಿಸುತ್ತೇವೆ. ಫ್ಲೈಓವರ್ ಎರಡು ರಾತ್ರಿ ಬಂದ್ ಅಂದರೆ ಮುಖ್ಯಮಂತ್ರಿಗಳನ್ನೇ ಟ್ಯಾಗ್ ಮಾಡಿ ಬೈತೇವೆ. ಬೈಗುಳಕ್ಕೆ ಹೆದರುವ ಇಲಾಖೆಗೆ ತಪಾಸಣೆ ಮುಂದೂಡಲು ಇನ್ನೇನು ನೆಪ ಬೇಕು ಸ್ವಾಮಿ?

ಕೇಳಬೇಕಾದ್ದು ಮೂರೇ. ಪ್ರತಿ ಬೇರಿಂಗ್ ಕೂರಿಸಿದ ಫೋಟೊ, ಅಳತೆ ಉದ್ಘಾಟನೆಗೆ ಮುಂಚೆಯೇ ಸಾರ್ವಜನಿಕರ ಮುಂದಿರಲಿ. ತಪಾಸಣೆಯ ದಿನಾಂಕ ಮೊದಲೇ ಗೊತ್ತಿರಲಿ. ಏನು ಕಂಡಿತು ಅನ್ನುವ ವರದಿಯೂ ಹೊರಗೆ ಬರಲಿ. ಕೊಡಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಾವು ಕುಡಿಯುವ ಕಾಫಿಗಿಂತ ಅಗ್ಗ.

ಹೊಸ ಫ್ಲೈಓವರ್ ಯಾವಾಗ ತೆರೀತೀರಿ ಅಂತ ಶಾಸಕರನ್ನು ಕೇಳ್ತೀರಲ್ಲ, ಹಳೆಯದನ್ನು ಯಾವಾಗ ಮುಚ್ಚಿ ಕೆಳಗಿಳಿದು ನೋಡ್ತೀರಿ ಅಂತಲೂ ಕೇಳಿ.