ಮಾಮೂಲೆಂಬ ಮಾತು

ಮಂಡ್ಯ, ಮದ್ದೂರು, ಮಳವಳ್ಳಿಗಳ ಒಕ್ಕಲು ಮನೆಗಳಲ್ಲಿ ಕಬ್ಬು ಬತ್ತಗಳ ಮಾತಿನಷ್ಟೇ ಪಹಣಿಯ ಮಾತೂ ಬಳಕೆಯಲ್ಲಿರುವುದು. ಬೆಳೆಸಾಲಕ್ಕೂ ಅದು ಬೇಕು. ಅಣ್ಣತಮ್ಮಂದಿರ ಪಾಲಿಗೂ ಅದು ಬೇಕು. ಅದನ್ನು ಪಡೆಯಲು ಗುಟ್ಟಾಗಿ ತೆರುತ್ತಿದ್ದ ಹಣಕ್ಕೆ ನಮ್ಮ ಜನರು ಇಟ್ಟ ಹೆಸರು ‘ಮಾಮೂಲು’. ಲಂಚವೆಂದರೆ ಕೊಡುವವನಿಗೂ ನಾಚಿಕೆ. ಮಾಮೂಲೆಂದರೆ ಇಬ್ಬರಿಗೂ ನಾಚಿಕೆಯಿಲ್ಲ. ಹೆಸರು ಬದಲಾದೊಡನೆ ತಪ್ಪು ಪದ್ಧತಿಯಾಯಿತು.

ಇದು ಮನುಷ್ಯರ ದುರಾಸೆಯಿಂದ ಮಾತ್ರವೇ ಹುಟ್ಟುವುದೆ? ಈ ವಿಷಯವನ್ನು ಶೋಧಿಸಿದ ವಿದ್ವಾಂಸರು ಹಾಗೆನ್ನುವುದಿಲ್ಲ. ಅಮೆರಿಕದ ರಾಬರ್ಟ್ ಕ್ಲಿಟ್‌ಗಾರ್ಡರು, ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1988ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಇದನ್ನೊಂದು ಲೆಕ್ಕದಂತೆ ಬಿಡಿಸಿಟ್ಟಿರುವರು. ಕೆಲಸವು ಒಬ್ಬನ ಕೈಯಲ್ಲೇ ಇದ್ದು, ಕೊಡುವುದೂ ಬಿಡುವುದೂ ಅವನ ಇಷ್ಟಕ್ಕೆ ಸೇರಿ, ಅವನನ್ನು ಕೇಳುವವರಿಲ್ಲದಿದ್ದರೆ, ಅಲ್ಲಿ ಲಂಚವು ಬೆಳೆಯುವುದು.

ನಮ್ಮ ಗ್ರಾಮಗಳ ಲೆಕ್ಕಕ್ಕೆ ಈ ಮಾತನ್ನು ಹಿಡಿದು ನೋಡೋಣ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾನೂನು ರದ್ದುಮಾಡಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೆ ಪುಸ್ತಕವು ಒಬ್ಬರ ಕೈಯಲ್ಲೇ ಉಳಿಯಿತು. ಮುಂದೆ 2000ದ ಸುಮಾರಿನಲ್ಲಿ, ಸರ್ಕಾರದ ‘ಭೂಮಿ’ ಯೋಜನೆಯಿಂದ ಸುಮಾರು ಎರಡು ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ರೈತರನ್ನು ವಿಚಾರಿಸಿದಾಗ, ಹಳೆಯ ಕ್ರಮದಲ್ಲಿ ನೂರಕ್ಕೆ 66 ಮಂದಿ ಲಂಚ ತೆತ್ತಿದ್ದರೆಂದೂ ಹೊಸ ಕ್ರಮದಲ್ಲಿ 3 ಮಂದಿ ಮಾತ್ರವೆಂದೂ ತಿಳಿದುಬಂದಿತು. ಜನರು ಬದಲಾಗಲಿಲ್ಲ, ಏರ್ಪಾಡು ಬದಲಾಯಿತು.

ಹಾಗೆಂದು ಯಂತ್ರವೇ ಸಾಕೆನ್ನಲಾಗದು. ಖಾತೆಯ ಹಲವು ಬದಲಾವಣೆಗಳು, ಜಮೀನಿನ ಅಳತೆ ಮೊದಲಾದುವು ಈಗಲೂ ಮನುಷ್ಯರ ಕೈದಾಟಿಯೇ ಬರಬೇಕು. ಅಲ್ಲಿ ಗೃಹಸ್ಥರಿಗೆ ಆಸರೆಯಾಗಲೆಂದೇ 2011ರ ‘ಸಕಾಲ’ ಕಾನೂನು ಹಲವು ಸೇವೆಗಳಿಗೆ ಗಡುವು ಗೊತ್ತುಮಾಡಿತು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, 500ಕ್ಕೆ ಮೀರದ ಪರಿಹಾರವನ್ನೂ ವಿಧಿಸಿತು. ಆದುದರಿಂದ ಅರ್ಜಿ ಕೊಟ್ಟವರು ರಸೀದಿ ಪಡೆಯದೆ ಮರಳಬಾರದು. ಪಹಣಿಯ ಹೆಸರು, ವಿಸ್ತೀರ್ಣಗಳನ್ನು ಓದದೆ ಪೆಟ್ಟಿಗೆಯಲ್ಲಿಡಬಾರದು.

ಉಳ್ಳವರು ಇನ್ನೊಂದು ಮಾತನ್ನು ಯೋಚಿಸಬೇಕು. ಅವಸರಕ್ಕೆಂದು ನಾವು ಇಂದು ಕೊಡುವ ಐನೂರು ರೂಪಾಯಿಯೇ ನಾಳೆ ಅದೇ ಬಾಗಿಲಿಗೆ ಬರುವ ಬಡ ವಿಧವೆಯ ಪಾಲಿಗೆ ದರವಾಗುವುದು. ನಮಗೆ ಉಳಿದುದು ಒಂದು ದಿನ. ಆಕೆಗೆ ಹೋದುದು ತಿಂಗಳ ಅಕ್ಕಿ. ಮಕ್ಕಳ ಮುಂದಾದರೂ ಅದನ್ನು ಮಾಮೂಲೆನ್ನದೆ, ಅದರ ನಿಜವಾದ ಹೆಸರಿನಿಂದ ಕರೆಯೋಣ.